ಮಬ್ರೂಕಾ ಹೊಲಿದು ತಂದ ಗಂಟು

ಕಡಲಂಚಿನ ಊರು ಮಹ್ದಿಯಾದಲ್ಲಿ ಯಾರಾದರೂ ಕಡಲು ದಾಟುತ್ತಾರೆ ಎಂದರೆ, ಅವರ ಚೀಲ ತುಂಬುವ ಮೊದಲೇ ಅಂಗಳ ತುಂಬುತ್ತದೆ. ಎದುರು ದಡದಲ್ಲಿ ಪರದೇಶದ ಸಿಸಿಲಿ ದ್ವೀಪ. ಅಲ್ಲಿನ ಮೀನು ದೋಣಿಗಳಲ್ಲಿ ಊರಿನ ಎಷ್ಟೋ ಗಂಡಸರು ದುಡಿಯುತ್ತಾರೆ. ಒಬ್ಬಳು ಮಗನಿಗೆಂದು ಗಂಟು ತರುತ್ತಾಳೆ, ಇನ್ನೊಬ್ಬಳು ತಮ್ಮನಿಗೆಂದು. ಗಂಟಿನ ಬಾಯಿ ಹೊಲಿದಿರುತ್ತದೆ. ಒಳಗೇನಿದೆ ಎಂದು ಕೇಳುವಂತಿಲ್ಲ. ನಂಬಿ ಒಪ್ಪಿಸಿದ ಅಮಾನತ್ತು ಅದು. ಬಿಚ್ಚಿ ನೋಡಿದವನು ಕಳ್ಳ, ಒಲ್ಲೆ ಎಂದವನು ಕಟುಕ.

ಸಲ್ಹಾಳ ಮಗಳು ರಿಹಾಬ್ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಕಡಲಜೀವಿಗಳ ಬಗ್ಗೆ ಕಲಿಸಲು ಶಾಲೆಯವರು ಮಕ್ಕಳ ಗುಂಪೊಂದನ್ನು ಹಡಗಿನಲ್ಲಿ ಸಿಸಿಲಿಯ ಪಲೆರ್ಮೊಗೆ ಕರೆದೊಯ್ಯುವವರಿದ್ದರು. ಬಲೆ ಹೆಣೆಯುವವನ ಮಗಳಾದ ಅವಳಿಗೂ ಆ ಗುಂಪಿನಲ್ಲಿ ಜಾಗ ಸಿಕ್ಕಿತ್ತು.

ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಮಬ್ರೂಕಾ ಬಿಳಿ ಬಟ್ಟೆಯ ಗಂಟು ಹಿಡಿದು ಬಂದಳು. ರಿಹಾಬ್ ಹುಟ್ಟಿದಾಗ ಸಲ್ಹಾ ಜ್ವರದಿಂದ ಮಲಗಿದ್ದಳು. ಕೂಸಿಗೆ ಮೊದಲ ನೀರು ಹಾಕಿದವಳು ಈ ಮಬ್ರೂಕಾನೇ.

"ನನ್ನ ಮಗ ಲಸ್ಸಾದ್ ಅಲ್ಲಿ ಬಂದರಿಗೇ ಬಂದು ಇಸ್ಕೊಂಡು ಹೋಗ್ತಾನೆ ಕಣಮ್ಮ. ನಿನಗೆ ಹೊರೋ ಕಷ್ಟನೂ ಇಲ್ಲ."

ರಿಹಾಬ್ ಕೈ ಚಾಚಲಿಲ್ಲ. "ಒಳಗೇನಿದೆ ಅಜ್ಜಿ?"

"ಏನೇ ಇದು, ಹೀಗೂ ಕೇಳ್ತಾರಾ?" ಸಲ್ಹಾ ಗದರಿದಳು. "ಊರು ಬಿಡೋ ಮೊದಲೇ ನಾಲಿಗೆ ಉದ್ದ ಆಯ್ತಾ?"

"ಟೀಚರ್ ಹೇಳಿದಾರೆ ಅಮ್ಮ, ನಮ್ಮ ಚೀಲ ನಾವೇ ತುಂಬ್ಕೋಬೇಕು. ಇನ್ನೊಬ್ಬರ ಮುಚ್ಚಿದ ಗಂಟಿದ್ರೆ ಹಡಗು ಹತ್ಸಲ್ಲ. ಅಜ್ಜಿ, ಅಲ್ಲಿ ಅಧಿಕಾರಿ 'ಇದರಲ್ಲೇನಿದೆ' ಅಂತಾನೆ. ಗೊತ್ತಿಲ್ಲ ಅಂದ್ರೆ ನಂಬಲ್ಲ. ಗೊತ್ತು ಅಂದ್ರೆ ಸುಳ್ಳು. ನಾನು ಯಾವುದು ಹೇಳ್ಲಿ?"

"ಅಂದ್ರೆ ನಾನು ಕಳ್ಳಮಾಲು ಕಳಿಸ್ತಿದೀನಿ ಅಂತಾಯ್ತು." ಮಬ್ರೂಕಾ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಇರ್ಲಿ ಬಿಡು ತಾಯಿ. ದೊಡ್ಡವಳಾದೆ." ಚಹಾ ಮುಟ್ಟದೆ ಎದ್ದು ಹೋದಳು.

ಸಲ್ಹಾ ಮಗಳ ಮೇಲೆ ಹರಿಹಾಯ್ದಳು. "ನೀನು ನಾಲ್ಕು ದಿನ ಇದ್ದು ಬರ್ತೀಯ. ನಾನು ಸಾಯೋತನಕ ಅವಳ ಗೋಡೆ ಪಕ್ಕದಲ್ಲೇ ಬದುಕ್ಬೇಕು ಕಣೇ!"

ಅದೇ ಹೊತ್ತಿಗೆ ನೈಲಾ ಟೀಚರ್ ಬಂದರು. ಮಕ್ಕಳ ಚೀಲ ನೋಡಲು ಮನೆಮನೆಗೂ ಹೋಗುತ್ತಿದ್ದರು. ಸಲ್ಹಾ ಸಿಟ್ಟನ್ನು ಅವರ ಮೇಲೂ ತಿರುಗಿಸಿದಳು.

"ಏನ್ ಟೀಚರಮ್ಮ, ನೀವು ಈ ಊರವರಲ್ವಾ? ನಮ್ಮಜ್ಜನ ಕಾಲದಿಂದ ಗಂಟು ಒಯ್ತಿದೀವಿ. ಯಾರು ಜೈಲಿಗೆ ಹೋದ್ರು?"

"ಜೈಲಿಗೆ ಹೋಗ್ಲಿಲ್ಲ ಸಲ್ಹಕ್ಕ, ಬಂದರಲ್ಲೇ ಕೂತ್ರು. ಹೋದ ವರ್ಷ ಇನ್ನೊಂದು ಶಾಲೆ ಹುಡುಗನ ಹತ್ರ ಅವನ ಅತ್ತೆ ಕೊಟ್ಟ ಗಂಟಿತ್ತು. ಒಳಗೆ ಒಣಮಾಂಸ, ಯಾರದೋ ಮಾತ್ರೆ. ಅತ್ತೆ ಕೆಟ್ಟವಳಲ್ಲ. ಆದ್ರೆ ಚೀಲ ಯಾರ ಕೈಲಿತ್ತೋ ಅವನನ್ನೇ ಕೂರಿಸಿ ಕೇಳಿದ್ರು. ಅವನೊಬ್ಬನನ್ನ ಬಿಟ್ಟು ಹೋಗೋಕಾಗುತ್ತಾ? ಇಡೀ ಗುಂಪು ಸಂಜೆತನಕ ಅಲ್ಲೇ."

"ಒಣಮಾಂಸದಲ್ಲೇನು ತಪ್ಪು?"

"ದನದ ರೋಗ, ಕುರಿ ರೋಗ ಅದರ ಜೊತೆ ಬರುತ್ತೆ ಅಂತ ಅವರ ಭಯ. ಮಾಂಸ, ಹಾಲು, ಬೆಣ್ಣೆ ಒಳಗೆ ಬಿಡಲ್ಲ. ಇನ್ನು ಮಾತ್ರೆ ಅಂದ್ರೆ, ಅವರವರದ್ದು ಮಾತ್ರ. ಅದರ ಡಬ್ಬಿಯಲ್ಲೇ ಇರ್ಬೇಕು, ಡಾಕ್ಟರ ಚೀಟಿ ಜೊತೆಗಿರ್ಬೇಕು."

"ಮಬ್ರೂಕಕ್ಕ ಅಂಥವಳಲ್ಲ."

"ಅಂಥವಳು ಅಂತ ಯಾರಂದ್ರು? ನೀವು ಮೀನು ತಗೊಳ್ಳುವಾಗ ಕಿವಿರು ಎತ್ತಿ ನೋಡ್ತೀರಲ್ಲ, ನಿಮ್ಮ ಭಾವನ ಅಂಗಡಿಯಲ್ಲಿ ನೋಡಲ್ವಾ?"

"ಅವನದ್ದನ್ನೇ ಮೊದಲು ನೋಡೋದು!" ಎಂದುಬಿಟ್ಟಳು ಸಲ್ಹಾ. ಹೇಳಿದ ಮೇಲೆ ತನಗೇ ನಗು ಬಂತು. ಭಾವ ಒಂದು ದಿನವೂ ಅದಕ್ಕೆ ಮುನಿಸಿಕೊಂಡಿರಲಿಲ್ಲ.

ಮೂವರೂ ಪಕ್ಕದ ಮನೆಗೆ ಹೋದರು. ಮಬ್ರೂಕಾ ಮುಖ ತಿರುಗಿಸಿ ಕೂತಿದ್ದಳು. ಸಲ್ಹಾ ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಳು.

"ಅಕ್ಕ, ನಿನ್ನ ಗಂಟು ಹೋದ್ರೆ ಇನ್ನೊಂದು ಕಟ್ಟಬಹುದು. ಈ ಹುಡುಗಿನ ಅಲ್ಲಿ ತಡೆದ್ರೆ ಅವಳ ಜೊತೆ ಇರೋಕೆ ನೀನೂ ಇಲ್ಲ, ನಾನೂ ಇಲ್ಲ. ನಮ್ಮೆದುರಿಗೆ ಬಿಚ್ಚು. ಯಾವುದು ಹೋಗ್ಬಹುದೋ ಅದನ್ನ ಅವಳು ಒಯ್ಯಲಿ."

ಮಬ್ರೂಕಾ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಕಡೆಗೆ ಕತ್ತರಿ ತಂದು ತಾನೇ ಹೊಲಿಗೆ ಬಿಡಿಸಿದಳು. ಹಬ್ಬದ ಕುರಿಯ ಒಣಮಾಂಸ. ಒಂದು ಡಬ್ಬಿ ಬೆಣ್ಣೆ. ಬಾರ್ಲಿ ಹುರಿದು ಬೀಸಿದ ಹಿಟ್ಟು. ಒಂದು ಉಣ್ಣೆ ಟೋಪಿ. ಟೋಪಿಯ ಮಡಿಕೆಯಲ್ಲಿ, ಕಾಗದ ಸುತ್ತಿದ ಬಿಡಿ ಮಾತ್ರೆಗಳು.

"ಇವು ಯಾರದಮ್ಮ?" ಟೀಚರ್ ಮೆಲ್ಲಗೆ ಕೇಳಿದರು.

"ನನ್ನ ನಿದ್ದೆ ಮಾತ್ರೆ." ಮಬ್ರೂಕಾ ತಲೆ ಎತ್ತಲಿಲ್ಲ. "ಅವನ ಜೊತೆಗಾರ ಒಬ್ಬ ಕಡಲುಪಾಲಾದ ಮೇಲೆ ನನ್ನ ಮಗನಿಗೆ ಕಣ್ಣು ಮುಚ್ಚೋಕೇ ಆಗ್ತಿಲ್ಲವಂತೆ. ಊರಿಗೆ ಗೊತ್ತಾದ್ರೆ ತಲೆ ಕೆಟ್ಟಿದೆ ಅಂತಾರೆ. ಅದಕ್ಕೇ ಹೊಲಿದೆ."

"ನಿಮ್ಮ ಮೈಗೆ ಕೊಟ್ಟ ಮಾತ್ರೆ ಇದು. ಅವನು ನುಂಗಿ, ಮಂಪರಲ್ಲೇ ದೋಣಿ ಹತ್ತಿದ್ರೆ?"

ಮಬ್ರೂಕಾಳ ಕೈ ಬಾಯಿಗೆ ಹೋಯಿತು. ಈ ಮಾತು ಅವಳಿಗೆ ಹೊಳೆದೇ ಇರಲಿಲ್ಲ. ಮಾತ್ರೆಗಳನ್ನು ಬಾಚಿ ಸೆರಗಿಗೆ ಹಾಕಿಕೊಂಡಳು. ಅಲ್ಲೇ ಕೂತು ಮಗನಿಗೆ ಫೋನು ಹಚ್ಚಿ, ಅವನು ಆಸ್ಪತ್ರೆಗೆ ಹೋಗುತ್ತೇನೆ ಎನ್ನುವವರೆಗೂ ಬಿಡಲಿಲ್ಲ.

ಹಿಟ್ಟು ಮತ್ತು ಟೋಪಿಯನ್ನು ರಿಹಾಬ್ ನೋಡಿ, ತಾನೇ ತನ್ನ ಚೀಲದಲ್ಲಿಟ್ಟಳು. "ಮಾಂಸ, ಬೆಣ್ಣೆ ಇಲ್ಲೇ ಇರ್ಲಿ, ನಾಳೆ ನಮ್ಮನೇಲಿ ಗೋಧಿರವೆ ಕುಸ್ಕುಸ್‌ಗೆ ಹಾಕೋಣ," ಎಂದಳು ಸಲ್ಹಾ. "ಅಂತೂ ನಿನಗೆ ಲಾಭವಾಯ್ತು ನೋಡು," ಎಂದಳು ಮಬ್ರೂಕಾ. ಮುನಿಸು ಅಷ್ಟಕ್ಕೆ ಇಳಿಯಿತು.

ಪಲೆರ್ಮೊ ತಲುಪಿದ ರಿಹಾಬ್ ಫೋನು ಮಾಡಿದಾಗ ಇಬ್ಬರೂ ಒಂದೇ ಫೋನಿಗೆ ಕಿವಿ ಹಚ್ಚಿದರು.

"ಚೀಲ ಪೂರ್ತಿ ತೆಗೆಸಿದ್ರು ಅಮ್ಮ. 'ಯಾರು ತುಂಬಿದ್ದು' ಅಂದ್ರು. ನಾನೇ ಅಂದೆ. ಒಂದೊಂದೂ ಹೆಸರು ಹೇಳ್ದೆ. ಹೋಗು ಅಂದ್ರು. ಲಸ್ಸಾದಣ್ಣ ಸಿಕ್ಕಿದ್ದ. ಆಸ್ಪತ್ರೆಗೆ ತೋರಿಸ್ಕೊಂಡೇ ಬಂದನಂತೆ ಅಜ್ಜಿ."

ಮಬ್ರೂಕಾ ಸಲ್ಹಾಳ ಭುಜಕ್ಕೆ ಒರಗಿ ಒಂದಿಷ್ಟು ಅತ್ತಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳೂ ಶಾಲೆಯ ಗುಂಪಿನ ಜೊತೆ ಪರದೇಶಕ್ಕೆ ಹೊರಡಬಹುದು. ಅವರ ಚೀಲವನ್ನು ಅವರ ಕೈಯಿಂದಲೇ ತುಂಬಿಸಿ. ಏನು ಒಯ್ಯಬಹುದು, ಏನು ಒಯ್ಯಬಾರದು ಎಂದು ಟೀಚರನ್ನು ಮೊದಲೇ ಕೇಳಿ. ಎಷ್ಟೇ ಬೇಕಾದವರು ಕೊಟ್ಟರೂ ಬಿಚ್ಚಿ ತೋರಿಸಿ ಎನ್ನಿ, ಅದರಲ್ಲಿ ಅವಮಾನವಿಲ್ಲ. ಕೊಡುವವರು ನೀವೇ ಆದರೆ ಮಕ್ಕಳು ಕೇಳುವವರೆಗೂ ಕಾಯಬೇಡಿ. ಮಕ್ಕಳ ಕೈಗೆ ಕೊಡುವ ಗಂಟಿನ ಬಾಯಿಯನ್ನು ಹೊಲಿಯಲೇಬೇಡಿ.