ಕೇಳದೆ ಬಳಸಿದ ವೈಫೈ

ವಾಡಿಯ ರೈಲ್ವೆ ಕ್ವಾರ್ಟರ್ಸ್ ಹಿಂದಿನ ಗಲ್ಲಿಯಲ್ಲಿ ಫರಹತ ಎರಡು ವರ್ಷ ನರ್ಸಿಂಗ್ ಪರೀಕ್ಷೆಗೆ ಓದಿದ್ದು ಬಚ್ಚಲಿನ ಗೋಡೆಗೆ ಒರಗಿಕೊಂಡು. ಗೋಡೆಯಾಚೆ ವಿಠೋಬಾ ಕಾಕಾನ ಮನೆ. ಹಾಸಿಗೆ ಹಿಡಿದ ಹೆಂಡತಿ ಅನಸುಬಾಯಿ ಬುದ್ಧವಂದನೆ ಕೇಳಲೆಂದು ಆತ ವೈಫೈ ಹಾಕಿಸಿದ್ದ. ಪಾಸ್‌ವರ್ಡ್ ಒತ್ತುವುದು ರೇಜಿಗೆಯೆಂದು ತೆಗೆಸಿಬಿಟ್ಟಿದ್ದ. ಅದರ ಸಿಗ್ನಲ್ ಈಚೆಗಿನ ಬಚ್ಚಲಿನವರೆಗೂ ಬರುತ್ತಿತ್ತು. ಬಳಸಲೇ ಎಂದು ಕೇಳಲು ಫರಹತ ಎಷ್ಟೋ ಸಲ ಅವನ ಬಾಗಿಲವರೆಗೆ ಹೋಗಿ, ನಾಚಿಕೆಯಾಗಿ, ಬೇರೆ ಏನೋ ಮಾತಾಡಿ ಬಂದಿದ್ದಳು.

ಒಂದು ಸೋಮವಾರ ಪೊಲೀಸ್ ಜೀಪು ಬಂತು. ಶಹಾಬಾದಿನ ಒಬ್ಬ ಶಿಕ್ಷಕಿಯ ಮುಖಕ್ಕೆ ಬೇರೆ ಯಾರದೋ ಬೆತ್ತಲೆ ಮೈ ಅಂಟಿಸಿದ ಫೋಟೋ ಕಾಕಾನ ಕನೆಕ್ಷನ್‌ನಿಂದ ಹೋಗಿತ್ತು. ಆತನನ್ನು ಕರೆದೊಯ್ದರು. ಚಹಾ ಕುಡಿಸಲು ಹೋದ ಫರಹತಳ ಕೈ ಹಿಡಿದು ಅನಸುಬಾಯಿ, "ಅವ್ರಿಗಿ ಫೋಟೋ ತೆಗೀಲಾಕೇ ಬರಲ್ಲವ್ವ" ಎಂದಳು.

ಆ ವೈಫೈಗೆ ಲಾಕ್ ಇಲ್ಲ, ತಾನೂ ಬಳಸಿದ್ದೇನೆ ಎಂದು ಹೇಳಲು ಫರಹತ ಠಾಣೆಗೆ ಹೊರಟಳು.

"ಅರ್ಧ ಗಲ್ಲಿ ಬಳಸ್ಯದ. ನೀ ಒಬ್ಬಾಕಿ ಯಾಕ ಹೋಗ್ತಿ?" ಎಂದು ತಾಯಿ ಸರ್ವರಬೇಗಂ ಬಾಗಿಲಿಗೆ ಅಡ್ಡ ನಿಂತಳು.

"ಯಾರೂ ಹೋಗ್ಲಿಲ್ಲಂದ್ರ ಕಾಕಾನ ಮ್ಯಾಲೇ ಬರ್ತದಮ್ಮಿ."

ಠಾಣೆಯಲ್ಲಿ ಅಧಿಕಾರಿ ಪೂರಾ ಕೇಳಿದ. "ಅವನಿಗಿ ಕೇಳಿ ಬಳಸಿದ್ಯೇನು?"

"ಇಲ್ರಿ. ಲಾಕ್ ಇರ್ಲಿಲ್ಲ."

"ಲಾಕ್ ಇಲ್ಲಂದ್ರ ನಿಂದಾಯ್ತೇನು? ಕೇಳದೆ ಬಳಸೋದು ಕಾಯ್ದೆದಾಗ ತಪ್ಪೇ ಅದ. ಮತ್ತ ಯಾರ‍್ಯಾರು ಬಳಸ್ಯಾರ, ಹೇಳು."

ಅವಳು ಹೇಳಿದಳು. ಮೊಬೈಲ್ ಅಂಗಡಿಯ ಅಣವೀರ ತಾನು ಆ ವೈಫೈ ಕಂಡೇ ಇಲ್ಲವೆಂದ. ಉಳಿದವರೂ ಹಾಗೇ ಅಂದರು. ಅಷ್ಟರಲ್ಲಿ ಎಲ್ಲರ ಫೋನುಗಳೂ ಬದಲಾಗಿದ್ದವು. ಒಪ್ಪಿಕೊಂಡವಳು ಒಬ್ಬಳೇ. ಅವಳ ಫೋನು ತನಿಖೆಗೆಂದು ಹೋಯಿತು, ಕೇಳದೆ ಬಳಸಿದ್ದಕ್ಕೆ ಹೆಸರು ಕೇಸಿಗೆ ಏರಿತು.

ಎಂಟು ದಿನಕ್ಕೆ ಕಾಕಾನಿಗೆ ಜಾಮೀನಾಯಿತು. ಅಷ್ಟೂ ದಿನ ಫರಹತ ಅನಸುಬಾಯಿಗೆ ಉಣಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿದ್ದಳು. ಒಳಗೆ ಬಂದ ಆತ ಅವಳ ಕೈಯಿಂದ ತಟ್ಟೆ ಇಸಿದುಕೊಂಡ.

"ಕೇಳಿದ್ರ ನಾನೇ ಕೊಡ್ತಿದ್ನಲ್ಲವ್ವ," ಎಂದ. ದನಿ ಏರಲಿಲ್ಲ. "ಇನ್ನ ಈ ಕಡಿ ಬರಬ್ಯಾಡ."

ಮರುದಿನ ಆತ ಕನೆಕ್ಷನ್ ಕೀಳಿಸಿದ. ಫೋಟೋ ಕಳಿಸಿದವನು ಸಿಗಲಿಲ್ಲ. ಆ ಶಿಕ್ಷಕಿ ಶಾಲೆ ಬಿಟ್ಟಳೆಂದು ಸುದ್ದಿ ಬಂತು.

ಚಳಿಗಾಲಕ್ಕೆ ನರ್ಸ್ ಹುದ್ದೆಗೆ ಅರ್ಜಿ ಕರೆದರು. ಚಿತ್ತಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಫಾರಂ ತುಂಬಿಕೊಡುತ್ತಿದ್ದ ಉಮಾದೇವಿ ಎಂಬಾಕೆ ಫರಹತಳ ನರ್ಸಿಂಗ್ ಅಂಕಗಳನ್ನು ನೋಡಿ, "ಭಾಳ ಚಲೋ ಅವ. ನಿಮಗ ಆಗೇ ಆಗ್ತದ" ಎಂದಳು. ಆಮೇಲೆ ಪರದೆಯ ಮೇಲೆ ಫಾರಂ ಸರಿಸಿ ಮುಂದಿನ ಪ್ರಶ್ನೆ ಓದಿದಳು: "ನಿಮ್ಮ ಮ್ಯಾಲ ಯಾವುದಾರ ಪೊಲೀಸ್ ಕೇಸ್ ಅದ ಏನ್ರಿ? ಹೌದು, ಇಲ್ಲ, ಎರಡು ಅವ. ಇಲ್ಲ ಅಂತ ಒತ್ತಲಾ?"

ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು.

"ಹೌದು ಅಂತ ಒತ್ರಿ," ಎಂದಳು ಫರಹತ.