ಹರಿಗೋಲಿನ ಕತೆಗೆ ಹೂಂಗುಟ್ಟಿದವಳು

ಒಂದಾನೊಂದು ಊರಿನಲ್ಲಿ ಒಬ್ಬಳು ರಾಣಿ ಇದ್ದಳಂತೆ. ಅವಳ ರಾಜ್ಯ ಎಷ್ಟು ದೊಡ್ಡದು ಅಂದರೆ, ಅದರ ಮೇಲೆ ಒಂದು ಹಸು ಮಲಗಿದರೆ ಬಾಲ ಆಚೆ ನೇತಾಡುತ್ತಿತ್ತಂತೆ. ಊರು ಬೆಸಗರಹಳ್ಳಿ. ರಾಜ್ಯ ಅಂದರೆ ದೇವಿರಮ್ಮನ ಮನೆಯ ಜಗಲಿ. ರಾಣಿ ಅಂದರೆ ದೇವಿರಮ್ಮನ ಮೊಮ್ಮಗಳು ಮಾಯಮ್ಮ. ಕೇರಿಯ ಹೆಂಗಸರೇ ಪ್ರಜೆಗಳು. ಅವರು ರಾಣಿಗೆ ಒಪ್ಪಿಸುತ್ತಿದ್ದ ಕಪ್ಪ ಬರೀ ಒಂದು ‘ಹೂಂ’.

ಆ ಮನೆಯಲ್ಲಿ ಹೂಂ ಇಲ್ಲದೆ ಕತೆ ನಡೆಯುತ್ತಿರಲಿಲ್ಲ. ಹೇಳುವವಳು ಒಂದು ಮಾತು ಹೇಳಿ ನಿಲ್ಲಬೇಕು, ಕೇಳುವವರು ಹೂಂಗುಟ್ಟಬೇಕು, ಆಮೇಲೆ ಮುಂದಿನ ಮಾತು. ಹೂಂ ನಿಂತರೆ ಹಗ್ಗ ಕಿತ್ತ ಬಿಂದಿಗೆಯ ಹಾಗೆ ಕತೆ ಅಲ್ಲೇ ಮುಳುಗುತ್ತಿತ್ತು. ಇನ್ನೊಂದು ಕಟ್ಟಳೆಯೂ ಇತ್ತು. ಕತೆಯ ಕೊನೆಯನ್ನು ಅದೇ ದಿನ ಹೇಳಬಾರದು, ನಾಳೆಗೆ ಇಟ್ಟಿರಬೇಕು. ದೇವಿರಮ್ಮನಿಗೆ ಹಲ್ಲು ಬಿದ್ದು ಉಸಿರು ಸಾಲದಾದಾಗ ಕತೆಗಳ ಜೊತೆಗೆ ಈ ಕಟ್ಟಳೆಗಳೂ ಮೊಮ್ಮಗಳ ಪಾಲಿಗೆ ಬಂದವು. ಅವರೆಕಾಯಿಯ ಕಾಲದಲ್ಲಂತೂ ಮಧ್ಯಾಹ್ನವಾಯಿತೆಂದರೆ ಹೆಂಗಸರು ಮೊರ ಹಿಡಿದು ಬಂದು ಕೂರುವರು. ಕಾಯಿ ಸುಲಿಯುವ ಸದ್ದು, ನಡುವೆ ಮಾಯಮ್ಮನ ದನಿ, ಅದರ ಬೆನ್ನಿಗೆ ಹೂಂ. ಆ ಒಂದು ಹೂಂಗಾಗಿ ಮಾಯಮ್ಮ ಬೆಳಗಿನಿಂದ ಕಾಯುತ್ತಿದ್ದಳು.

ಹೀಗಿರುವಾಗ ಆಮಿನಾ ಊರಿಗೆ ವಾಪಸು ಬಂದಳು.

ಆಮಿನಾ ಬಸ್ಸಿನ ಮೆಕ್ಯಾನಿಕ್ ವಹಾಬ್ ಸಾಬರ ಮಗಳು, ಮಾಯಮ್ಮನ ಓರಗೆಯವಳು. ಇಬ್ಬರೂ ಊರಿನ ಸ್ಕೂಲಿನಲ್ಲಿ ಒಂದೇ ಮಣೆಯ ಮೇಲೆ ಕೂತು ಅಕ್ಷರ ತಿದ್ದಿದ್ದರು. ಆಮೇಲೆ ಮಾಯಮ್ಮ ಮನೆಯಲ್ಲಿ ಉಳಿದಳು, ಆಮಿನಾ ಮದ್ದೂರಿನ ಅತ್ತೆ ಜಾನ್ ಬೀ ಮನೆಯಲ್ಲಿದ್ದುಕೊಂಡು ಇನ್ನಷ್ಟು ಓದಿದಳು. ಈಗ ಬಂದವಳ ಕಂಕುಳಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಜಗಲಿಯ ಮೇಲೆ ಬಿಚ್ಚಿದಳು. ಪುಸ್ತಕಗಳು! ಮದ್ದೂರಿನ ರೈಲ್ವೆ ಸ್ಟೇಷನ್ನಿನ ಮುಂದೆ ಚಾಪೆ ಹಾಸಿ ಮಾರುವವನ ಹತ್ತಿರ ಕೊಂಡದ್ದಂತೆ.

ಸುಲಿಯುತ್ತಿದ್ದ ಕೈಗಳೆಲ್ಲ ನಿಂತವು. ಎದುರು ಮನೆಯ ಪಟ್ಟಲಮ್ಮ ಅವರೆಕಾಯಿಯ ಸೊಗಡಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ರಟ್ಟನ್ನು ಸವರಿದಳು.

“ಅವ್ವಯ್ಯಾ! ಇಷ್ಟೂ ಓದ್ಬುಟ್ಟಿದ್ದೀಯೇನಮ್ಮಿ?”

“ಎರಡು ಓದಿದ್ದೀನಿ ಕಣತ್ತೆ. ಒಂದು ನಗಸ್ತದೆ, ನಿಮ್ಗೆ ಓದಿ ಹೇಳ್ತೀನಿ. ಇನ್ನೊಂದು ಶ್ಯಾನೆ ಅಳಸ್ತದೆ, ಕೊಯ್ಲು ಮುಗೀಲಿ, ಪುರುಸೊತ್ತಾಗಿ ಅಳವ.”

ಎಲ್ಲರೂ ನಕ್ಕರು. ಮಾಯಮ್ಮನೂ ನಕ್ಕಳು. ಆದರೆ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಕಿವುಚಿದ ಹಾಗಾಯಿತು. ಅವಳ ಕತೆ ಅರ್ಧದಲ್ಲಿತ್ತು, ರಾಜಕುಮಾರ ಏಳು ಸಮುದ್ರದ ನಡುವೆ ನಿಂತಿದ್ದ. ಅವನು ಏನಾದನೆಂದು ಯಾರೂ ಕೇಳಲಿಲ್ಲ.

ಆಮಿನಾ ಮೂರನೆಯ ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದಳು. ರಟ್ಟಿನ ಮೇಲೆ ಒಂದು ಹೊಳೆ, ಹೊಳೆಯ ಮೇಲೊಂದು ಹರಿಗೋಲು. ಒಳಗೆ ಹಾಳೆಗಳ ಅಂಚು ಇನ್ನೂ ಕೂಡಿಕೊಂಡೇ ಇತ್ತು. ಅಚ್ಚಿನ ಮನೆಯವರು ಮಡಿಸಿ ಹೊಲಿದದ್ದನ್ನು ಯಾರೂ ಸೀಳಿರಲಿಲ್ಲ.

“ಇದ ನಾನೂ ಓದಿಲ್ಲ ಕಣಮ್ಮಿ. ಹರಿಗೋಲ ನೋಡಿ ನಿಮ್ಮಜ್ಜಿ ಕತೇಲಿ ಬರೋ ಹರಿಗೋಲು ಜ್ಞಾಪಕ ಬಂತು. ಮೊದ್ಲು ನೀನೇ ಹಾಳೆ ಕುಯ್ದು ಓದು. ಓದ್ಬುಟ್ಟು ಹೆಂಗದೆ ಅಂತ ಇಲ್ಲೇ, ಎಲ್ರ ಮುಂದ್ಲೂ ಹೇಳ್ಬೇಕು. ನಿನ್ನ ಮಾತು ಕೇಳ್ಕಂಡೇ ನಾವೆಲ್ಲ ಓದಾದು.”

“ಹೇಳ್ತೀನಿ ಬುಡು,” ಎಂದಳು ಮಾಯಮ್ಮ.

“ಆಣೆ?”

“ಅಜ್ಜಿ ಆಣೆ.”

“ಲೇ, ನನ್ನ ಮ್ಯಾಲ್ಯಾಕೆ ಇಕ್ಕೀಯೇ ಆಣೆಯಾ?” ಎಂದಳು ಮೂಲೆಯಿಂದ ದೇವಿರಮ್ಮ.

ಮಾಯಮ್ಮ ಬಿದಿರಿನ ಚಕ್ಕೆಯೊಂದನ್ನು ನುಣ್ಣಗೆ ಹೆರೆದುಕೊಂಡು ಹಾಳೆ ಸೀಳುತ್ತ ಓದಿದಳು. ಚೆನ್ನಾಗಿರದಿರಲಿ ಎಂದು ಬೇಡಿಕೊಳ್ಳುತ್ತಲೇ ಓದಿದಳು. ಗಂಡನ ಮನೆಯವರು ಆಚೆ ಹಾಕಿದ ಒಬ್ಬ ಹೆಂಗಸು. ಹೊಳೆ ದಾಟಿ ಬಂದು ಹರಿಗೋಲು ಹಾಕಿ ಬದುಕುತ್ತಾಳೆ. ವರ್ಷಗಳು ಕಳೆದು, ಹೊಳೆ ತುಂಬಿದ ಒಂದು ಸಂಜೆ, ಆಚೆ ದಡದಿಂದ ಒಬ್ಬ ಕೂಗುತ್ತಾನೆ: “ದಾಟಿಸ್ತೀಯಾ ತಾಯಿ?” ದನಿ ಕೇಳಿದರೆ ಅವಳನ್ನು ಆಚೆ ಹಾಕಿದ ಗಂಡನದೇ. ಕತ್ತಲಲ್ಲಿ ಅವನಿಗೆ ಅವಳ ಗುರುತಿಲ್ಲ. ಅವಳು ಹುಟ್ಟು ಕೈಗೆತ್ತಿಕೊಂಡಳು. ಅಲ್ಲಿಗೆ ಹಾಳೆ ಮುಗಿಯಿತು. ಮುಂದಿನ ಮಡಿಕೆ ಸೀಳಬೇಕಿತ್ತು.

ಮಾಯಮ್ಮ ಸೀಳಲಿಲ್ಲ. ಕತೆಯ ಕೊನೆ ನಾಳೆಗಿರಬೇಕು ಎಂಬುದು ಅಜ್ಜಿಯ ಕಟ್ಟಳೆ. ಚಕ್ಕೆಯನ್ನು ಅಲ್ಲೇ ಗುರುತಿಗಿಟ್ಟಳು. ಕಣ್ಣು ಮುಚ್ಚಿದರೂ ಹೊಳೆಯ ಸದ್ದು ಕೇಳುತ್ತಿತ್ತು. ಯಾವ ಊರಿನವರೋ, ಕಾಣದವರು, ಕೇಳದವರು, ಯಾರೊಬ್ಬರೂ ಹೂಂ ಅನ್ನದೆ ಇಂಥ ಕತೆಯನ್ನು ಹೇಳಿ ಮುಗಿಸಿದ್ದರಲ್ಲ! ಇದನ್ನೊಮ್ಮೆ ಕೇಳಿದವರು ನಾಳೆ ಏಳು ಸಮುದ್ರದ ರಾಜಕುಮಾರನಿಗೆ ಯಾಕೆ ಕಿವಿ ಕೊಡುತ್ತಾರೆ? ಪುಸ್ತಕ ಬರೆದವರ ಮೇಲೆ ಹೊಟ್ಟೆಕಿಚ್ಚು, ಕೊಂಡು ತಂದವಳ ಮೇಲೆ ಇನ್ನೂ ಹೊಟ್ಟೆಕಿಚ್ಚು.

ಮಾರನೆಯ ಬೆಳಿಗ್ಗೆ ಮಡಿಕೆ ಸೀಳುವ ಮೊದಲೇ ಆಮಿನಾ ಹಿತ್ತಲಿಗೆ ಬಂದಳು.

“ಹೆಂಗದೆ ಮಾಯಿ?”

“ಸಪ್ಪೆ,” ಎಂದುಬಿಟ್ಟಳು ಮಾಯಮ್ಮ. ಆಡಿದ ಮಾತಿಗೆ ಸಾಕ್ಷಿ ಬೇಕೆನಿಸಿತು. “ನೋಡು, ಕೊನೇ ಹಾಳೆ ಕುಯ್ಯಕ್ಕೂ ಮನಸು ಬರ್ನಿಲ್ಲ. ಜಗಲೀಲಿ ಹೇಳಾ ಅಂಥದ್ದೇನೂ ಇಲ್ಲ ಅದ್ರಲ್ಲಿ.”

ಆಮಿನಾಳ ಮುಖ ಸಣ್ಣದಾಯಿತು. “ನಿಂಗೇ ಹಿಡಿಸ್ನಿಲ್ಲ ಅಂದ್ರೆ ಮುಗೀತು. ಅಬ್ಬಾನ ಬಸ್ಸಲ್ಲಿ ಮದ್ದೂರ್ಗೆ ಹೋದಾಗ ಬದ್ಲಾಯಿಸ್ಕೊಂಡು ಬತ್ತೀನಿ,” ಎಂದು ಪುಸ್ತಕ ತೆಗೆದುಕೊಂಡು ಹೋದಳು.

ಅಂದು ಮಧ್ಯಾಹ್ನ ಮಾಯಮ್ಮ ಜಗಲಿಯ ಮೇಲೆ ಕತೆ ಶುರುಮಾಡಿದಳು. ರಾಜಕುಮಾರನನ್ನೇ ಹೇಳಬೇಕೆಂದಿದ್ದಳು. ಆದರೆ ಬಾಯಿ ತೆರೆದರೆ ಬಂದವಳು ಹರಿಗೋಲಿನ ಹೆಂಗಸು! “ನಮ್ಮಜ್ಜಿ ಹೇಳ್ತಿದ್ದ ಕತೆ,” ಎಂದು ಒಂದು ಸುಳ್ಳನ್ನು ಮುಂದಿಟ್ಟು, ಅದರ ಬೆನ್ನ ಹಿಂದೆ ಓದಿದಷ್ಟೂ ಪುಸ್ತಕವನ್ನು ದಾಟಿಸಿದಳು. ಹೂಂಗಳು ಒಂದರ ಮೇಲೊಂದು ಬಂದವು. ಮೂಲೆಯಲ್ಲಿದ್ದ ಅಜ್ಜಿ ಮಾತ್ರ ಹೂಂ ಅನ್ನಲಿಲ್ಲ. ಎಲ್ಲರಿಗಿಂತ ಜೋರಾಗಿ ಹೂಂಗುಟ್ಟಿದವಳು ಆಮಿನಾ. ಆಚೆ ದಡದ ದನಿ ಗಂಡನದೆಂದು ತಿಳಿದಾಗ ಅವಳ ಕೈಯ ಮೊರವೇ ಜಾರಿತು.

“ಅಯ್ಯೋ, ಮುಂದ್ಕೆ?”

“ನಾಳೀಕೆ,” ಎಂದಳು ಮಾಯಮ್ಮ.

“ನಿನ್ನ ಬಾಯಲ್ಲಿ ಅದೇನದೆ ಮಾಯಿ!” ಎಂದಳು ಆಮಿನಾ. “ಇಂಥ ಕತೇನ ಪುಸ್ತಕದೋರು ಯಾಕೆ ಬರಿಯಾಕಿಲ್ಲ? ನಾನು ನೋಡು, ಸಪ್ಪೆ ಪುಸ್ತಕ ಹೊತ್ಕಂಡು ಬತ್ತೀನಿ.”

ಗೆದ್ದ ಮಾಯಮ್ಮ ತಲೆಯೆತ್ತದೆ ಮೊರದ ಸಿಪ್ಪೆಯನ್ನು ಅಂಗಳಕ್ಕೆ ಕೊಡವಿದಳು.

ಮರುದಿನ ಹೆಂಗಸರು ಎಂದಿಗಿಂತ ಮುಂಚೆಯೇ ಬಂದು ಕೂತರು. ಮಾಯಮ್ಮ ತೋಚಿದ್ದನ್ನು ಕಟ್ಟಿದಳು. “ಆಗ ಹೊಳೇಲಿ ಒಂದು ದೊಡ್ಡ ಮೊಸಳೆ ಬಂತಂತೆ...”

ಹೂಂ ಬರಲಿಲ್ಲ.

“ಆಗ ಆಕಾಶದಿಂದ ಶಿವ ಪಾರ್ವತೀರು...”

“ಸುಮ್ಕಿರಮ್ಮಿ,” ಎಂದಳು ಪಟ್ಟಲಮ್ಮ. “ಇಷ್ಟು ಜನ ಕಾಯ್ತಾ ಕೂತಿರಾದು ಅವ್ಳು ಏನ್ ಮಾಡಿದ್ಳು ಅಂತ. ಮೊಸಳೆ ಕಟ್ಕಂಡು ನಮಗೇನಾಗ್ಬೇಕು?”

“ಅಜ್ಜಿ ಕತೆಯಲ್ವಾ?” ಎಂದಳು ಇನ್ನೊಬ್ಬಳು. “ದೇವೀರಕ್ಕ, ನೀನೇ ಹೇಳು ಮುಂದ್ಕೆ.”

ದೇವಿರಮ್ಮ ಬೊಚ್ಚು ಬಾಯಲ್ಲಿ ಎಲೆಯಡಿಕೆ ತಿರುವುತ್ತ ಮೊಮ್ಮಗಳನ್ನೇ ನೋಡಿದಳು. “ನನ್ನ ಕತೇಲಿ ಗಂಡ ಅನ್ನೋನು ಹಿಂಗೆ ಕತ್ಲಲ್ಲಿ ಬಂದು ಕೂಗಾಕಿಲ್ಲ ಕಣವ್ವ. ಇದು ನಾನು ಹೆತ್ತ ಕೂಸಲ್ಲ.”

ಮಾಯಮ್ಮ ಸುತ್ತ ನೋಡಿದಳು. ಆಮಿನಾಳ ಜಾಗ ಖಾಲಿ.

“ಆಮಿನಾ ಎಲ್ಲಿ?”

“ಇವತ್ತು ಮದ್ದೂರ್ಗೆ ಒಂಟವ್ಳೆ. ಪುಸ್ತಕ ಬದ್ಲಾಯಿಸ್ಬೇಕಂತೆ.”

ಮೊರ ಅಂಗಳಕ್ಕೆ ಉರುಳಿತು. ಮಾಯಮ್ಮ ನೆರಿಗೆ ಎತ್ತಿ ಕಟ್ಟಿ ಓಡಿದಳು. “ಕತೆ ಹೋಯ್ತಾ ಅದೆ, ಹಿಡ್ಕಳ್ರೇ!” ಎಂದು ಪಟ್ಟಲಮ್ಮ ಹಿಂದಿನಿಂದ ಹೊರಟಳು. ಅವಳ ಹಿಂದೆ ಉಳಿದವರು, ಕೈಯಲ್ಲಿ ಸುಲಿಯದ ಕಾಯಿ ಹಿಡಿದುಕೊಂಡೇ.

ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುವ ಮೊದಲು ಹಿಂದಿನ ಒಲೆಗೆ ಇದ್ದಿಲು ಸುರಿದು, ಹಿಡಿ ತಿರುಗಿಸಿ ಗಾಳಿ ಹಾಕಿ, ಗ್ಯಾಸು ಕಟ್ಟುವ ತನಕ ಕಾಯಬೇಕು. ಹುಣಸೆ ಮರದ ಕೆಳಗೆ ವಹಾಬ್ ಸಾಬರು ಮುಖವೆಲ್ಲ ಮಸಿ ಮಾಡಿಕೊಂಡು ಹಿಡಿ ತಿರುಗಿಸುತ್ತಿದ್ದರು. ಕಿಟಕಿಯ ಪಕ್ಕ ಆಮಿನಾ, ಮಡಿಲಲ್ಲಿ ಹರಿಗೋಲಿನ ಪುಸ್ತಕ.

“ಆಮೀ, ಅದ ಕೊಡು!”

“ಸಪ್ಪೆ ಪುಸ್ತಕ ನಿಂಗ್ಯಾಕೆ?”

ಮಾಯಮ್ಮ ಏದುಸಿರು ಬಿಟ್ಟಳು. ಹೆಂಗಸರು ಬಂದು ಸುತ್ತ ನಿಂತರು. ಈಗಲೂ ದಾರಿಯಿತ್ತು. ಪುಸ್ತಕ ಇಸಿದುಕೊಂಡು ಮನೆಗೆ ಓಡಿ, ಒಬ್ಬಳೇ ಓದಿ, ನಾಳೆ ಕೊನೆಯನ್ನೂ ತನ್ನ ಬಾಯಿಂದಲೇ ಹೇಳಿ ಮುಗಿಸಬಹುದಿತ್ತು. ಅಜ್ಜಿ ತನ್ನದಲ್ಲವೆಂದದ್ದನ್ನು ಕೇಳದ ಆಮಿನಾ ಮಾತ್ರ ಮೊದಲಿನಂತೆಯೇ ನಂಬುತ್ತಿದ್ದಳು. ಹೂಂ ಎನ್ನುತ್ತಿದ್ದಳು, ಎಲ್ಲರಿಗಿಂತ ಜೋರಾಗಿ.

“ನನಗೆ ಬ್ಯಾಡ,” ಎಂದಳು ಮಾಯಮ್ಮ. “ನೀನೇ ಇಳಿದು ಬಾ. ಕೊನೇ ಮಡಿಕೆ ಕುಯ್ದು ಗಟ್ಟಿಯಾಗಿ ಓದು.”

ಆಮಿನಾ ಇಳಿದಳು. ಗುರುತಿಗಿಟ್ಟಿದ್ದ ಬಿದಿರಿನ ಚಕ್ಕೆ ಇನ್ನೂ ಒಳಗೇ ಇತ್ತು. ಅದರಿಂದಲೇ ಹಾಳೆ ಸೀಳಿದಳು. ಓದತೊಡಗಿದವಳು ಮೊದಲ ಸಾಲಿಗೇ ನಿಂತಳು.

“‘ಹರಿಗೋಲು ಆಚೆ ದಡ ಮುಟ್ಟಿತು...’ ಮಾಯಿ, ಇದು ನಿಮ್ಮಜ್ಜಿ ಕತೆಯಲ್ವಾ?”

“ಅಲ್ಲ. ನಿನ್ನ ಪುಸ್ತಕದ್ದು.”

ಆಮಿನಾಳ ಕಣ್ಣು ಮಾಯಮ್ಮನ ಮೇಲೆ ಒಂದು ಗಳಿಗೆ ನಿಂತಿತು. ಆ ಗಳಿಗೆಯಲ್ಲಿ ಬಸ್ಸಿನ ಒಲೆಯ ಬೆಂಕಿಯೇ ತಂಪೆನಿಸಿತು ಮಾಯಮ್ಮನಿಗೆ. ಆಮಿನಾ ಮತ್ತೆ ಹಾಳೆಯ ಕಡೆ ತಿರುಗಿದಳು. ಆದರೆ ಕತೆ ಹೊರಡಲಿಲ್ಲ. ಆ ಮೊದಲ ಸಾಲಿಗೆ ಇನ್ನೂ ಹೂಂ ಬಿದ್ದಿರಲಿಲ್ಲ.

ಮಾಯಮ್ಮ ಹುಟ್ಟಿದಾಗಿನಿಂದ ಅಜ್ಜಿಗೆ ಬಿಟ್ಟು ಬೇರೆ ಯಾರಿಗೂ ಹೂಂಗುಟ್ಟಿದವಳಲ್ಲ.

“ಹೂಂ,” ಎಂದಳು.

ಆಮಿನಾ ಓದಿದಳು. ಗಂಡ ಹರಿಗೋಲಿಗೆ ಹತ್ತಿದ. ನಡುಹೊಳೆಯಲ್ಲಿ ಹೆಂಗಸು ಹುಟ್ಟನ್ನು ನಿಲ್ಲಿಸಿದಳು, ತನ್ನ ಹೆಸರು ಹೇಳಿದಳು. ಅವನು ಹರಿಗೋಲಿನ ಅಂಚು ಹಿಡಿದುಕೊಂಡ. ಅವಳು ಮತ್ತೆ ಹುಟ್ಟು ಹಾಕಿ, ಅವನನ್ನು ಈಚೆ ದಡಕ್ಕೆ ಇಳಿಸಿ, ಹರಿಗೋಲು ತಿರುಗಿಸಿದಳು. ಹೊಳೆ ತುಂಬಿತ್ತು, ಆಚೆ ಇನ್ಯಾರೋ ಕೂಗುತ್ತಿದ್ದರು.

ಒಂದೊಂದು ಸಾಲಿಗೂ ಮಾಯಮ್ಮ ಹೂಂ ಅಂದಳು. ಹೊಟ್ಟೆಯೊಳಗಿನ ಮೆಣಸಿನಕಾಯಿ ಉರಿಯುತ್ತಲೇ ಇತ್ತು. ಆಮಿನಾ ತನಗಿಂತ ಚೆನ್ನಾಗಿ ಓದುತ್ತಾಳೆ ಎಂಬುದೂ ಗೊತ್ತಾಯಿತು, ಅದೂ ಉರಿಯಿತು. ಪಟ್ಟಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಹಾಬ್ ಸಾಬರು ಹಿಡಿ ತಿರುಗಿಸುವುದನ್ನು ಮರೆತು ನಿಂತಿದ್ದರು. ಬಸ್ಸಿನೊಳಗಿನಿಂದ ಯಾರೋ ಗದರಿದರು: “ಏನ್ ಸಾಬ್ರೇ, ಇವತ್ತು ಒಂಟದಾ ಇಲ್ವಾ?”

ಆಮಿನಾ ಪುಸ್ತಕ ಮುಚ್ಚಿ ಮೆಲ್ಲಗೆ ಕೇಳಿದಳು, “ಈಗ ಹೇಳು. ಬದ್ಲಾಯಿಸ್ಬೇಕಾ?”

ಮಾಯಮ್ಮ ಹೆಂಗಸರ ಕಡೆ ತಿರುಗಿದಳು. ಜಗಲಿಯ ಮೇಲೆ ಕತೆ ಹೇಳುವಾಗಿನ ದನಿಯನ್ನೇ ಹುಡುಕಿ ತಂದುಕೊಂಡಳು.

“ಆಮಿನಾ ತಂದಿರೋ ಈ ಪುಸ್ತಕ ಬಲೇ ಚೆನ್ನಾಗದೆ. ನಾನು ಸಪ್ಪೆ ಅಂದಿದ್ದು ಸುಳ್ಳು. ಓದು ಬರೋರು ಓದಿ, ಬರ್ದೇ ಇರೋರು ಇವ್ಳ ಬಾಯಲ್ಲಿ ಕೇಳಿ. ಮೊದಲ್ನೇ ಹಾಳೆಯಿಂದ.”

“ಹೂಂ,” ಎಂದಳು ಆಮಿನಾ.