ಶಾಲಿನಲ್ಲಿ ಬಂದ ಬಾತುಕೋಳಿ

ಎಲೆ ಉದುರಿ ಚಳಿ ಇಣುಕುವ ದಿನಗಳಲ್ಲಿ ಕೆರೆಗೆ ದೂರದ ಹಕ್ಕಿಗಳು ಬಂದಿಳಿಯುತ್ತವೆ. ಅವನ್ನು ನೋಡಲು ಬೀದಿಯ ನಾಲ್ಕಾರು ಮಂದಿ ಭಾನುವಾರ ಬೆಳಿಗ್ಗೆ ಕೆರೆಯಿಂದ ತೊರೆಯವರೆಗೆ ನಡೆಯುತ್ತಾರೆ. ಎಲ್ಲರಿಗಿಂತ ಮುಂದೆ ದುರ್ಬೀನು ಹಿಡಿದ ಪಶುವೈದ್ಯೆ, ನೆರೆಮನೆಯ ಡಾಕ್ಟರಮ್ಮ. ಕೊನೆಯಲ್ಲಿ ಹೊಲಿಗೆ ಅಜ್ಜಿ. ಆಕೆ ಪೊದೆಪೊದೆಗೂ ನಿಲ್ಲುವವಳು.

ಆ ಭಾನುವಾರ ತೊರೆಯ ದಡದಲ್ಲಿ ಒಂದು ಕಾಡು ಬಾತುಕೋಳಿ ಕತ್ತು ಎತ್ತಲಾರದೆ ಕೂತಿತ್ತು. ಅಜ್ಜಿಯ ಕರುಳು ಚುರ್ ಎಂದಿತು. ಅದನ್ನು ಶಾಲಿನಲ್ಲಿ ಸುತ್ತಿ, ಯಾರಿಗೂ ಹೇಳದೆ ಮನೆಗೆ ತಂದಳು. ಬೆಚ್ಚಗಿರಲಿ ಎಂದು ಹಿತ್ತಲ ಗೂಡಿನಲ್ಲಿ ತನ್ನ ಕೋಳಿಗಳ ನಡುವೆಯೇ ಕೂರಿಸಿದಳು. ಪುಟ್ಟ ಮೊಮ್ಮಗಳು ಅದರ ತಲೆ ಸವರಿದಳು. ಅಜ್ಜಿ ಕೈ ತೊಳೆಯದೆಯೇ ಅವಳಿಗೆ ಊಟದ ತುತ್ತಿಟ್ಟಳು.

ಮಧ್ಯಾಹ್ನ ಬಾತುಕೋಳಿ ಸತ್ತಿತು. ಗಾಬರಿಯಾದ ಸೊಸೆ ಡಾಕ್ಟರಮ್ಮನನ್ನು ಕರೆದಳು. ಆಕೆ ಕೈಗವಸು, ಮಾಸ್ಕ್ ಹಾಕಿಕೊಂಡೇ ಬಂದು, ಮೊದಲು ಎಲ್ಲರನ್ನೂ ಹಿತ್ತಲಿನಿಂದ ಹೊರಗೆ ಕಳಿಸಿದಳು.

"ಅಜ್ಜಿ, ನೀವು ಮಡಿಲಲ್ಲಿ ಕೆಂಡ ಕಟ್ಕೊಂಡು ಬಂದಿದ್ದೀರಿ. ಇದು ಹಕ್ಕಿಜ್ವರ ಆಗಿದ್ರೆ ಕೋಳಿಗಳಿಗೂ ಬರುತ್ತೆ. ಅಪರೂಪಕ್ಕೆ ಮನುಷ್ಯರಿಗೂ ಬರುತ್ತೆ."

"ಸಾಯೋ ಜೀವಾನ ಅಲ್ಲೇ ಬಿಟ್ಟು ಬರಬೇಕಿತ್ತೇನಮ್ಮ? ನಮ್ಮ ಕಾಲದಲ್ಲಿ ಯಾವ ಹಕ್ಕಿಗೂ ಜ್ವರ ಬರ್ತಿರಲಿಲ್ಲ."

"ಆಗ ಹಕ್ಕಿಗೆ ಥರ್ಮಾಮೀಟರ್ ಇಟ್ಟು ನೋಡಿದವರ್ಯಾರು? ಬಿಟ್ಟು ಬನ್ನಿ ಅಂತಿಲ್ಲ. ಮುಟ್ಟದೆ ನನ್ನ ಕೂಗಿ ಅಂತಿದ್ದೀನಿ. ಅದೇ ಕೈಯಲ್ಲಿ ತಾನೇ ಮಗುಗೆ ತುತ್ತಿಟ್ಟಿದ್ದು?"

ಅಜ್ಜಿ ತನ್ನ ಕೈಗಳನ್ನೇ ನೋಡುತ್ತ ನಿಂತಳು.

ಹಕ್ಕಿಯನ್ನು ಪರೀಕ್ಷೆಗೆ ಕಳಿಸಿದರು. ಎಲ್ಲರೂ ಸೋಪು ಹಚ್ಚಿ ಕೈ ತೊಳೆದರು. ಶಾಲು ಬಿಸಿನೀರು, ಸೋಪಿಗೆ ಬಿತ್ತು. ಗೂಡಿಗೆ ಬೀಗ, ಮಗುವಿಗೆ ಹಿತ್ತಲು ನಿಷೇಧ. ಯಾರಿಗಾದರೂ ಜ್ವರ, ಕೆಮ್ಮು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಹಕ್ಕಿ ಮುಟ್ಟಿದ್ದನ್ನೂ ಹೇಳಬೇಕೆಂದು ಡಾಕ್ಟರಮ್ಮ ಎಚ್ಚರಿಸಿದಳು.

ಅಂದಿನಿಂದ ಮಗು ಒಂದು ಸೀನು ಸೀನಿದರೆ ಅಜ್ಜಿಯ ಜೀವ ಬಾಯಿಗೆ ಬರುತ್ತಿತ್ತು. ಎತ್ತಿಕೊಳ್ಳಲು ಹೋದವಳು ಅರ್ಧದಲ್ಲೇ ಕೈ ಹಿಂದೆಳೆದುಕೊಳ್ಳುತ್ತಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತರೂ ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ.

ಕೊನೆಗೆ ವರದಿ ಬಂತು. ಹಕ್ಕಿಜ್ವರ ಅಲ್ಲ. ಅಜ್ಜಿ ಮೊಮ್ಮಗಳನ್ನು ತಬ್ಬಿಕೊಂಡು ಅತ್ತಳು. ಡಾಕ್ಟರಮ್ಮ ಮಾತ್ರ, "ಈ ಸಲ ಪಾರಾದಿರಿ ಅಷ್ಟೇ" ಎಂದಳು.

ಮುಂದಿನ ನಡಿಗೆಗೆ ಮೊಮ್ಮಗಳೂ ಬಂದಳು. ತೊರೆಯ ಹತ್ತಿರ ಮತ್ತೊಂದು ಬಾತುಕೋಳಿ ಕತ್ತು ಇಳಿಬಿಟ್ಟು ಕೂತಿತ್ತು.

"ಅಜ್ಜಿ, ಪಾಪ, ಅದಕ್ಕೆ ಚಳಿ. ನಿನ್ನ ಶಾಲು ಹೊದಿಸು" ಎಂದು ಮಗು ಓಡಿತು.

ಅಜ್ಜಿ ಓಡಿ ಹೋಗಿ ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದಳು. ಮಗು ಇದನ್ನು ಕಲಿತದ್ದು ತನ್ನನ್ನು ನೋಡಿಯೇ ಎಂದು ಆಕೆಗೆ ಗೊತ್ತಿತ್ತು.

"ಹೊದಿಸೋದು ಬೇಡ ಕಂದ. ಇಲ್ಲೇ ನಿಂತು ಇಬ್ಬರೂ ಸೇರಿ ಡಾಕ್ಟರಮ್ಮನ್ನ ಕೂಗೋಣ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಕ್ಕಿ ನೋಡಲು ಕೆರೆಗೆ ಖಂಡಿತ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ಆದರೆ ದೂರದಿಂದಲೇ ನೋಡಿ. ಕಾಯಿಲೆ ಬಿದ್ದ ಇಲ್ಲವೇ ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಮನೆಗೆ ತರಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಮನೆಗೆ ಬಂದು ಕೈ, ಚಪ್ಪಲಿ ತೊಳೆದ ಮೇಲೆಯೇ ಕೋಳಿಗೂಡಿನ ಬಾಗಿಲು ತೆಗೆಯಿರಿ. ನಿಮ್ಮ ಮಗು ನಿಮ್ಮ ಕೈಯನ್ನೇ ನೋಡಿ ಕಲಿಯುತ್ತಿದೆ.